ಬೆಂಗಳೂರಿನಲ್ಲಿ ಬಾಡಿಗೆ ಫ್ಲಾಟ್: ಊರಿಂದ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಜೂನ್ ಹತ್ತಿರ ಬಂತೆಂದರೆ ಊರಿಂದ ಫೋನ್ ಶುರುವಾಗುತ್ತದೆ. ಚಿಕ್ಕಪ್ಪನ ಮಗ, ಪಕ್ಕದ ಮನೆಯ ಹುಡುಗಿ, ಶಾಲೆಯ ಗೆಳತಿಯ ತಮ್ಮ. "ಅಕ್ಕಾ, ಕೆಲಸ ಸಿಕ್ತು, ಬೆಂಗಳೂರಿಗೆ ಬರ್ತಿದ್ದೀನಿ. ಮನೆ ಹೇಗೆ ಹುಡುಕೋದು?" ನಾನು ಹಾಸನದ ಕಡೆಯವಳು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು, ಈಗಿರುವುದು ಆರನೇ ಬಾಡಿಗೆ ಮನೆ. ಫೋನಿನಲ್ಲಿ ಹೇಳುವಾಗ ಏನಾದರೂ ಒಂದು ಬಿಟ್ಟುಹೋಗುತ್ತದೆ. ಬಿಟ್ಟುಹೋದದ್ದೇ ಆಮೇಲೆ ಅವರಿಗೆ ದುಬಾರಿಯಾಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಬಂದ ತಕ್ಷಣ ಫ್ಲಾಟ್ ಹಿಡಿಯಬೇಕಾ?

ಬೇಡ. ಮೊದಲ ತಿಂಗಳು ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇರಿ. ಆಫೀಸಿಗೆ ನಾಲ್ಕು ದಿನ ಹೋಗಿ ಬಂದ ಮೇಲೆ ಯಾವ ರಸ್ತೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಊರಲ್ಲಿ ಕುಳಿತು, ಫೋಟೊ ನೋಡಿ, ಟೋಕನ್ ಹಣ (ಮನೆ ಹಿಡಿದಿಡಲು ಕೇಳುವ ಮುಂಗಡ) ಕಳಿಸುವುದಂತೂ ಬೇಡವೇ ಬೇಡ.

ಯಾವ ಏರಿಯಾದಲ್ಲಿ ನೋಡಬೇಕು?

ಆಫೀಸಿನಿಂದ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಷ್ಟು ಹೊತ್ತು ಅಂತ ಕೇಳಿ. ಮ್ಯಾಪ್ ನೋಡುವುದಾದರೆ ಭಾನುವಾರ ಮಧ್ಯಾಹ್ನ ನೋಡಬೇಡಿ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ 9ಕ್ಕೆ ಒಮ್ಮೆ, ಸಂಜೆ 6:30ಕ್ಕೆ ಒಮ್ಮೆ ನೋಡಿ.

ನನ್ನ ಸಲಹೆ ಮೆಟ್ರೊ ಗೆರೆಯ ಮೇಲೆ ಬೆರಳಿಟ್ಟು ಹುಡುಕಿ ಅನ್ನುವುದು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಅಂದರೆ ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಐಟಿಪಿಎಲ್ ಕಡೆ ಕೆಲಸ ಇರುವವರು ವಿಜಯನಗರದಲ್ಲೋ ಅತ್ತಿಗುಪ್ಪೆಯಲ್ಲೋ ಮನೆ ಮಾಡಬಹುದು. ದೂರ ಜಾಸ್ತಿ, ಆದರೆ ಒಂದೇ ರೈಲು, ಸಿಗ್ನಲ್ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿದೆ. ಅದು ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಸೇರುತ್ತದೆ. ಹಾಗಾಗಿ ಜಯನಗರ, ಬನಶಂಕರಿ ಕಡೆಯ ಮನೆಗಳನ್ನೂ ನೋಡಬಹುದು. ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಆಫೀಸ್ ಇರುವವರಿಗೆ ಮಾತ್ರ ಹತ್ತಿರದಲ್ಲೇ ಮನೆ ಮಾಡಿ ಅನ್ನುತ್ತೇನೆ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ.

ಬ್ರೋಕರ್ ಬೇಕಾ, ಆ್ಯಪ್ ಸಾಕಾ?

ಎರಡನ್ನೂ ಬಳಸಿ, ಜೊತೆಗೆ ಕಾಲನ್ನೂ ಬಳಸಿ. ಶನಿವಾರ ಬೆಳಿಗ್ಗೆ ಬೇಕಾದ ಏರಿಯಾದ ಅಡ್ಡರಸ್ತೆಗಳಲ್ಲಿ ನಡೆಯಿರಿ. ಗೇಟಿಗೆ ತೂಗುಹಾಕಿದ "ಟು-ಲೆಟ್" ಬೋರ್ಡುಗಳು ಈಗಲೂ ಇವೆ. ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಇವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ. ನನ್ನ ಆರು ಮನೆಗಳಲ್ಲಿ ಎರಡು ಸಿಕ್ಕಿದ್ದು ಇಸ್ತ್ರಿ ಅಂಗಡಿಯಿಂದಲೇ.

ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಮಾತಾಡಿದರೆ ಹದಿನೈದು ದಿನದ ಬಾಡಿಗೆಗೆ ಇಳಿಯುವವರೂ ಇದ್ದಾರೆ. ಮನೆ ತೋರಿಸುವ ಮೊದಲೇ ಅದನ್ನು ಬಿಡಿಸಿ ಮಾತಾಡಿ. ಅಗ್ರಿಮೆಂಟಿಗೆ ಸಹಿ ಬಿದ್ದ ಮೇಲೆ ಕೊಡುತ್ತೇನೆ ಅಂತ ಹೇಳಿ.

ಅಡ್ವಾನ್ಸ್ ನಿಜವಾಗಲೂ ಹತ್ತು ತಿಂಗಳಾ?

ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಬಾಡಿಗೆ 25,000 ಆದರೆ ಎರಡೂವರೆ ಲಕ್ಷ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಅದು ಅಪ್ಪನ ಅಡಿಕೆ ಹಣವೋ, ಅಮ್ಮನ ಬಳೆಯೋ ಆಗಿರುತ್ತದೆ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಈಗ ಐದಾರು ತಿಂಗಳಿಗೆ ಒಪ್ಪುವವರು ತುಂಬಾ ಇದ್ದಾರೆ, ಮೂರಕ್ಕೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತಿದೆ. ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನಿಗೆ ತಂದುಕೊಂಡರಷ್ಟೇ ಕಡ್ಡಾಯವಾಗುತ್ತದೆ. ಹಾಗಾಗಿ ಅದನ್ನು ತೋರಿಸಿ ಓನರ್ ಹತ್ತಿರ ಜಗಳ ಮಾಡಲು ಆಗುವುದಿಲ್ಲ. ಆದರೆ ಮಾತು ಶುರು ಮಾಡಲು ಅದೊಂದು ಆಧಾರ. ಸಂಬಳದ ಕಾಗದ ಜೊತೆಗಿಟ್ಟುಕೊಂಡು, ಸಂಸಾರದ ವಿಷಯ ಹೇಳಿ, ಸಮಾಧಾನವಾಗಿ ಕೇಳಿ. ಕೇಳದೆ ಯಾರೂ ಕಡಿಮೆ ಮಾಡುವುದಿಲ್ಲ.

ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಡಲೇಬೇಕಾದರೆ ಸಹಿ ಹಾಕಿದ ರಸೀದಿ ಇಲ್ಲದೆ ಕೊಡಬೇಡಿ.

ಆಷಾಢದಲ್ಲಿ ಮನೆ ಬದಲಾಯಿಸಬಹುದಾ? ಮನೆಯಲ್ಲಿ ಬೇಡ ಅಂತಿದ್ದಾರೆ.

ನಂಬಿಕೆಯ ವಿಷಯ ನಿಮಗೆ ಬಿಟ್ಟದ್ದು. ನನಗೆ ಗೊತ್ತಿರುವುದಿಷ್ಟು: ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮನೆ ಕೇಳುವವರು ಕಡಿಮೆ. ಓನರ್‌ಗಳು ಮಾತಿಗೆ ಸಿಗುತ್ತಾರೆ. ನನ್ನ ಅತ್ತೆ ಒಂದು ದಾರಿ ಹೇಳಿಕೊಟ್ಟರು. ಆಷಾಢದಲ್ಲಿ ಮನೆ ನೋಡಿ, ಮಾತು ಮುಗಿಸಿ, ಅಗ್ರಿಮೆಂಟ್ ಮಾಡಿಕೊಳ್ಳಿ. ಶ್ರಾವಣ ಬಂದ ಮೇಲೆ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ. ಆ ಸಲ ಬಾಡಿಗೆಯಲ್ಲಿ ಎರಡು ಸಾವಿರ ಕಡಿಮೆಯಾಯಿತು, ಮನೆಯ ಹಿರಿಯರಿಗೂ ಸಮಾಧಾನವಾಯಿತು.

ಮನೆ ನೋಡಲು ಹೋದಾಗ ಮೊದಲು ಏನು ನೋಡಬೇಕು?

ನೀರು. ಆಮೇಲೆ ನೀರು. ಉಳಿದದ್ದೆಲ್ಲ ಆಮೇಲೆ.

2024ರ ಬೇಸಿಗೆ ಇಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್‌ಗಳು ಒಣಗಿದವು, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಆಗ ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ನೀರು. ಮಗುವಿನ ಬಟ್ಟೆ ಒಗೆಯಲು ರಾತ್ರಿಯೇ ಬಕೆಟ್ ತುಂಬಿಸಿ ಇಡುತ್ತಿದ್ದೆ.

ಆದ್ದರಿಂದ ಕೇಳಬೇಕಾದದ್ದನ್ನು ಕೇಳಿಯೇ ಬಿಡಿ. ಕಾವೇರಿ ಸಂಪರ್ಕ ಇದೆಯಾ? ಇದ್ದರೆ ವಾರಕ್ಕೆ ಎಷ್ಟು ದಿನ ಬರುತ್ತದೆ? ಸಂಪ್ ಎಷ್ಟು ದೊಡ್ಡದು? ಬೋರ್‌ವೆಲ್‌ನಲ್ಲಿ ಮಾರ್ಚ್, ಏಪ್ರಿಲ್‌ನಲ್ಲೂ ನೀರು ಇರುತ್ತದಾ? ಟ್ಯಾಂಕರ್ ತರಿಸಿದರೆ ಖರ್ಚು ಮೆಂಟೆನೆನ್ಸ್‌ನಲ್ಲಿ ಸೇರಿದೆಯಾ, ಬೇರೆ ಹಾಕುತ್ತಾರಾ? ಓನರ್ ಹೇಳಿದ್ದನ್ನು ಕೇಳಿಕೊಂಡು, ಕೆಳಗೆ ಇಳಿದಾಗ ಅದೇ ಪ್ರಶ್ನೆಯನ್ನು ಸೆಕ್ಯುರಿಟಿಯವರಿಗೂ ಪಕ್ಕದ ಫ್ಲಾಟಿನವರಿಗೂ ಕೇಳಿ. ಮೂರು ಉತ್ತರ ಒಂದೇ ಆಗಿದ್ದರೆ ನಂಬಿ.

"ಕಾವೇರಿ ಇದೆ" ಅನ್ನುವ ಮಾತಿನಲ್ಲಿ ಎರಡು ಅರ್ಥ ಇರಬಹುದು. ಪೈಪ್ ಬಂದಿದೆ ಅಂತಲೂ ಆಗಬಹುದು, ನೀರು ಬರುತ್ತಿದೆ ಅಂತಲೂ ಆಗಬಹುದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ ಅದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಅಷ್ಟು ದೂರ ಪಂಪ್ ಮಾಡಿ ತರುವ ನೀರು. ಆದರೆ ಆ ಪೈಪಿನಿಂದ ನಿಮ್ಮ ಕಟ್ಟಡ ಸಂಪರ್ಕ ತಗೊಂಡಿದೆಯಾ ಅನ್ನುವುದು ಬೇರೆ ಮಾತು. ಜಲಮಂಡಳಿಯ ಬಿಲ್ ತೋರಿಸಿ ಅಂತ ಕೇಳಿ. ಅದರಲ್ಲಿ ಬಳಕೆ ಎಷ್ಟು ಅಂತ ಇರುತ್ತದೆ.

ನೀರು ಎಷ್ಟು ಗಡಸು ಅಂತ ತಿಳಿಯಲು ಯಂತ್ರ ಬೇಡ. ಬಚ್ಚಲುಮನೆಯ ನಲ್ಲಿ, ಶವರ್ ನೋಡಿ. ಬಿಳಿ ಹೊಪ್ಪಳೆ ಕಟ್ಟಿದ್ದರೆ ಬೋರ್‌ವೆಲ್ ನೀರೇ ಜಾಸ್ತಿ ಬರುತ್ತಿದೆ ಅಂತ ಅರ್ಥ. ಗೀಸರ್, ವಾಷಿಂಗ್ ಮಷೀನ್ ಬೇಗ ಹಾಳಾಗುತ್ತವೆ, ತಲೆಕೂದಲು ಒರಟಾಗುತ್ತದೆ. ಹೋದಾಗ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ, ಮೇಲಿನ ಮಹಡಿಯಲ್ಲಿ ಒತ್ತಡ ಸಾಕಾ ನೋಡಿ. ಸಂಕೋಚ ಬೇಡ. ಅಲ್ಲಿ ಸ್ನಾನ ಮಾಡಬೇಕಾದವರು ನೀವು.

ನೀರಿನ ದೂರು ಏನಿದ್ದರೂ ಜಲಮಂಡಳಿಯ ಸಹಾಯವಾಣಿ 1916.

ಮಳೆನೀರು ನುಗ್ಗುತ್ತದಾ ಅಂತ ಹೇಗೆ ತಿಳಿಯುವುದು?

2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಕಡೆ ದೊಡ್ಡ ದೊಡ್ಡ ಮನೆಗಳವರನ್ನೂ ದೋಣಿ, ಟ್ರ್ಯಾಕ್ಟರ್‌ನಲ್ಲಿ ಹೊರಗೆ ತಂದರು. ಬಾಡಿಗೆ ಎಷ್ಟು ಅನ್ನುವುದಕ್ಕೂ ನೀರು ನುಗ್ಗುವುದಕ್ಕೂ ಸಂಬಂಧ ಇಲ್ಲ. ತಗ್ಗು, ಕೆರೆಯಂಗಳ, ರಾಜಕಾಲುವೆ ಇವುಗಳಿಗೆ ಸಂಬಂಧ. ಮ್ಯಾಪಿನಲ್ಲಿ ಹತ್ತಿರದ ಕೆರೆ, ಕಾಲುವೆ ನೋಡಿಕೊಳ್ಳಿ. ಬೇಸ್‌ಮೆಂಟಿಗೆ ಇಳಿದು ಗೋಡೆಯ ಬುಡದಲ್ಲಿ ನೀರು ನಿಂತ ಗುರುತು ಇದೆಯಾ ನೋಡಿ. ಎರಡು ಮಳೆಗಾಲ ಕಂಡಿರುವ ಸೆಕ್ಯುರಿಟಿಯವರು ನಿಜ ಹೇಳುತ್ತಾರೆ.

ಕರೆಂಟ್ ಮೀಟರ್, ಗೃಹಜ್ಯೋತಿ: ಬಾಡಿಗೆದಾರರಿಗೂ ಸಿಗುತ್ತದಾ?

ಸಿಗುತ್ತದೆ. 2023ರಲ್ಲಿ ಶುರುವಾದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆ ಮನೆಯವರಿಗೂ ಇದೆ. ನಿಮ್ಮ ಆಧಾರ್ ಜೊತೆ ಆ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆಯನ್ನು ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಜೋಡಿಸಬೇಕು. ಬಾಡಿಗೆ ಕರಾರು ಪತ್ರ ಕೈಯಲ್ಲಿರಲಿ. ತಿಂಗಳಿಗೆ 200 ಯೂನಿಟ್ ಪೂರ್ತಿ ಉಚಿತ ಅಂದುಕೊಳ್ಳಬೇಡಿ. ಹಿಂದಿನ ಸರಾಸರಿ ಬಳಕೆ ನೋಡಿ ನಿಮ್ಮ ಮಿತಿ ನಿಗದಿಯಾಗುತ್ತದೆ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮನೆ ಬಿಡುವಾಗ ಹಳೆಯ ಆರ್‌ಆರ್ ಸಂಖ್ಯೆಯಿಂದ ಆಧಾರ್ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕುವಾಗ ಸಿಕ್ಕಿಬೀಳುತ್ತೀರಿ.

ಇನ್ನೊಂದು ಮುಖ್ಯ ವಿಷಯ: ನಿಮ್ಮ ಮನೆಗೇ ಬೇರೆ ಮೀಟರ್ ಇದೆಯಾ ನೋಡಿ. ಮೂರು ಮನೆಗೆ ಒಂದೇ ಮೀಟರ್, ಒಳಗೆ ಸಬ್‌ಮೀಟರ್ ಹಾಕಿ ಓನರ್ ತಾವೇ ಯೂನಿಟ್‌ಗೆ ಇಷ್ಟು ಅಂತ ತಗೊಳ್ಳುವ ಕಡೆ ಈ ಯೋಜನೆಯ ಲಾಭ ನಿಮಗೆ ಬರುವುದಿಲ್ಲ. ಒಳಗೆ ಬರುವ ದಿನ ಮೀಟರ್ ಓದಿನ ಫೋಟೊ ತೆಗೆಯಿರಿ. ಹಳೆಯ ಬಾಕಿ ಇದ್ದರೆ ಓನರ್ ಕೈಯಲ್ಲೇ ಕಟ್ಟಿಸಿ. ಕರೆಂಟ್ ಹೋದರೆ ಬೆಸ್ಕಾಂ 1912.

ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ?

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ದಾಟುವ ಲೀಸನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಓಡಾಟ, ಖರ್ಚು ಬೇಡ ಅಂತ 11 ತಿಂಗಳಿಗೆ ಬರೆಸುತ್ತಾರೆ. 11 ತಿಂಗಳು ಮುಗಿದ ಕೂಡಲೇ ಖಾಲಿ ಮಾಡಬೇಕು ಅಂತಲ್ಲ. ಸಾಮಾನ್ಯವಾಗಿ ಬಾಡಿಗೆ ಶೇಕಡಾ 5 ಏರಿಸಿ ಹೊಸದು ಮಾಡುತ್ತಾರೆ. ಎಷ್ಟು ಏರಿಸುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ.

ಅಗ್ರಿಮೆಂಟಿನಲ್ಲಿ ಏನೇನು ಇರಬೇಕು?

ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗೆ ಹೆಸರು ತುಂಬಿಸಿ ಸಹಿ ಹಾಕುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಿ. ಒಂದು ದಿನ ಮುಂಚೆ ಪ್ರತಿ ತರಿಸಿಕೊಂಡು ಓದಿ. ಅಡ್ವಾನ್ಸ್ ಎಷ್ಟು, ಮನೆ ಬಿಟ್ಟ ಎಷ್ಟು ದಿನದಲ್ಲಿ ವಾಪಸ್, ಯಾವುದಕ್ಕೆ ಎಷ್ಟು ಹಿಡಿಯಬಹುದು ಇವು ಇರಲೇಬೇಕು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಆರೇ ತಿಂಗಳಿಗೆ ಬಿಟ್ಟರೂ ಪೂರ್ತಿ ಹಿಡಿಯುತ್ತಾರಾ? ನೀವು ಬಂದಾಗ ಹೊಸ ಬಣ್ಣ ಬಳಿದಿರಲೇ ಇಲ್ಲವಾದರೆ? ಇದನ್ನೆಲ್ಲ ಆಗಲೇ ಮಾತಾಡಿ. ನೋಟಿಸ್ ಅವಧಿ ಎರಡೂ ಕಡೆಗೆ ಒಂದೇ ಇರಲಿ. ನಿಮಗೆ ಎರಡು ತಿಂಗಳು, ಓನರ್‌ಗೆ ಒಂದು ತಿಂಗಳು ಅಂತ ಬರೆದಿದ್ದರೆ ತಿದ್ದಿಸಿ. ಲಾಕ್-ಇನ್ (ಮಧ್ಯೆ ಮನೆ ಬಿಡುವಂತಿಲ್ಲದ ಅವಧಿ) ಇದ್ದರೆ ಎಷ್ಟು ತಿಂಗಳು ನೋಡಿಕೊಳ್ಳಿ. ಪೈಪ್, ಗೀಸರ್, ಮೋಟರ್ ಕೆಟ್ಟರೆ ಯಾರ ಖರ್ಚು ಅನ್ನುವುದೂ ಬರಲಿ.

ಕೊನೆಗೆ ಮನೆಯಲ್ಲಿರುವ ಫ್ಯಾನ್, ಟ್ಯೂಬ್‌ಲೈಟ್, ಚಿಮಣಿ, ವಾರ್ಡ್‌ರೋಬ್ ಎಲ್ಲದರ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ.

ಬಾಡಿಗೆ ಬೇಡ, ಭೋಗ್ಯಕ್ಕೆ ಹಾಕಿಕೊಳ್ಳೋಣ ಅಂತಿದ್ದೇವೆ. ಸರಿಯಾ?

ಇಪ್ಪತ್ತು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ, ಕೊನೆಗೆ ಪೂರ್ತಿ ಹಣ ವಾಪಸ್. ಕೇಳಲು ಚೆನ್ನಾಗಿದೆ. ಹಣ ವಾಪಸ್ ಬಂದರೆ ನಿಜಕ್ಕೂ ಲಾಭವೇ. ಬರದಿದ್ದರೆ ಜೀವಮಾನದ ಉಳಿತಾಯವೇ ಹೋಗುತ್ತದೆ. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದೆ, ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದಾಗಷ್ಟೇ ಭೋಗ್ಯದವರಿಗೆ ವಿಷಯ ಗೊತ್ತಾಗಿದ್ದನ್ನು ನಾನೇ ನೋಡಿದ್ದೇನೆ. ನಡುವೆ ಒಬ್ಬ ಏಜೆಂಟ್ ನಿಂತು, ನಿಮ್ಮಿಂದ ಭೋಗ್ಯದ ಹಣ ತಗೊಂಡು, ಓನರ್‌ಗೆ ತಿಂಗಳ ಬಾಡಿಗೆ ಕೊಡುತ್ತಾ ಹೋಗಿ, ಒಂದು ದಿನ ಕಾಣೆಯಾಗುವುದೂ ಇದೆ.

ಮಾಡಲೇಬೇಕು ಅಂದರೆ ಓನರ್ ಜೊತೆ ನೇರವಾಗಿ ಮಾಡಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಪೋರ್ಟಲ್‌ನಲ್ಲಿ ಆ ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯಾ ಅಂತ ತಿಳಿಯಲು ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ. ಖಾತೆ ಯಾರ ಹೆಸರಲ್ಲಿದೆ ನೋಡಿ. ಕಾಗದಗಳನ್ನು ವಕೀಲರಿಗೆ ತೋರಿಸಿ, ಕರಾರನ್ನು ನೋಂದಣಿ ಮಾಡಿಸಿ. ನೋಂದಣಿಗೆ ಒಪ್ಪದ ಓನರ್ ಹತ್ತಿರ ಭೋಗ್ಯ ಬೇಡವೇ ಬೇಡ.

ಆ್ಯಪಿನಲ್ಲಿ ಮನೆ ಚೆನ್ನಾಗಿದೆ, ಬಾಡಿಗೆಯೂ ಕಡಿಮೆ. ಓನರ್ ಸೇನೆಯಲ್ಲಿದ್ದಾರಂತೆ, ಟೋಕನ್ ಕಳಿಸಿ ಅಂತಿದ್ದಾರೆ.

ಕಳಿಸಬೇಡಿ. ಗುರುತಿನ ಚೀಟಿಯ ಫೋಟೊ ಕಳಿಸಿ ನಂಬಿಸಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿ ಹಣ ಎಳೆಯುವ ಹಳೆಯ ಮೋಸ ಇದು. ಹಣ ಪಡೆಯಲು ಯಾರೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆ ತುಂಬಾ ಮುಖ್ಯ.

ಮೆಂಟೆನೆನ್ಸ್‌ನಲ್ಲಿ ನಮ್ಮ ಪಾಲು ಯಾವುದು?

ದಿನನಿತ್ಯದ ಖರ್ಚು ನಿಮ್ಮದು. ಲಿಫ್ಟ್, ಸೆಕ್ಯುರಿಟಿ, ಕಸ, ಜನರೇಟರ್, ನೀರು. ಕಟ್ಟಡದ ದೊಡ್ಡ ರಿಪೇರಿಗೆ, ಹೊರಗಿನ ಬಣ್ಣಕ್ಕೆ ಕೂಡಿಡುವ ನಿಧಿ ಓನರ್‌ದು. ಚದರ ಅಡಿಗೆ 4 ರೂಪಾಯಿ ಅಂದರೆ 1,200 ಚದರ ಅಡಿಗೆ ತಿಂಗಳಿಗೆ 4,800. ಈ ಅಳತೆ ಸೂಪರ್ ಬಿಲ್ಟ್-ಅಪ್‌ದು. ಮೆಟ್ಟಿಲು, ಲಾಬಿಯ ಪಾಲೂ ಅದರಲ್ಲಿ ಸೇರಿರುತ್ತದೆ, ಒಳಗೆ ಕಾಲಿಡುವ ಜಾಗ ಅಷ್ಟಿರುವುದಿಲ್ಲ. ಕೆಲವು ಕಡೆ ಸಾಮಾನು ಒಳಗೆ ತರುವಾಗ, ಹೊರಗೆ ಒಯ್ಯುವಾಗ ಶುಲ್ಕ ಕೇಳುತ್ತಾರೆ. ಬಾಡಿಗೆ ಹೇಳುವಾಗ ಇದನ್ನೆಲ್ಲ ಸೇರಿಸಿ ಹೇಳಿದ್ದಾರಾ ಅಂತ ಕೇಳಿ.

"ಬ್ಯಾಚುಲರ್‌ಗಳಿಗೆ ಇಲ್ಲ", "ಸಸ್ಯಾಹಾರಿಗಳಿಗೆ ಮಾತ್ರ" ಅನ್ನುವವರ ಹತ್ತಿರ ಏನು ಮಾಡುವುದು?

ಸುಳ್ಳು ಹೇಳಿ ಮನೆ ಹಿಡಿಯಬೇಡಿ. ದಿನಾ ಕಿಟಕಿ ಮುಚ್ಚಿಕೊಂಡು ಮೀನು ಹುರಿಯುವ ಬದುಕು ಯಾರಿಗೂ ಬೇಡ. ಹೆಸರು, ಜಾತಿ, ಧರ್ಮ ಕೇಳಿ ಬಾಗಿಲು ಮುಚ್ಚುವುದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ನನ್ನ ಗೆಳತಿಯೊಬ್ಬಳಿಗೆ ಬರೀ ಹೆಸರಿನಿಂದ ಒಂಬತ್ತು ಮನೆ ತಪ್ಪಿದವು. ಹತ್ತನೆಯ ಓನರ್ ಮಂಡ್ಯ ಕಡೆಯ ಅಜ್ಜಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಸುಮ್ನೆ ಬಿಡಲ್ಲ ತಾನೇ?" ಅಂಥವರು ಇದ್ದಾರೆ. ಹುಡುಕಾಟಕ್ಕೆ ಎರಡು ವಾರ ಜಾಸ್ತಿ ಇಟ್ಟುಕೊಳ್ಳಿ.

ನಾಯಿ ಸಾಕಿದ್ದೇವೆ. ಅಸೋಸಿಯೇಷನ್ ಬೇಡ ಅನ್ನಬಹುದಾ?

ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ನಿವಾಸಿಗಳ ಸಂಘ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಆದರೆ ಓನರ್ ತಮ್ಮ ಕರಾರಿನಲ್ಲಿ ಬೇಡ ಅಂತ ಬರೆಸಿದ್ದರೆ ಅದು ಬೇರೆ. ಮೊದಲೇ ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ.

ಬಂದ ಮೇಲೆ ಯಾವ ಕಾಗದದ ಕೆಲಸ ಇರುತ್ತದೆ?

ಹತ್ತಿರದ ಠಾಣೆಗೆ ಬಾಡಿಗೆದಾರರ ವಿವರ ಕೊಡುವಂತೆ ಓನರ್‌ಗೆ ನೆನಪಿಸಿ. ಗ್ಯಾಸ್ ವಿಳಾಸ ಬದಲಿಸಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಬೇಕಾದರೆ, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕು. ಬಾಡಿಗೆ ತಿಂಗಳಿಗೆ 50,000 ದಾಟಿದರೆ ಅದರಿಂದ ಶೇಕಡಾ 2 ತೆರಿಗೆ (ಟಿಡಿಎಸ್) ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವುದು ಬಾಡಿಗೆದಾರರ ಕೆಲಸ. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಕಸ ಹೇಗೆ ಬೇರೆ ಮಾಡಬೇಕು?

ಹಸಿ ಕಸ ಹಸಿರು ಬುಟ್ಟಿಗೆ. ಡೈಪರ್, ಪ್ಯಾಡ್, ಬ್ಯಾಂಡೇಜ್ ಕೆಂಪು ಬುಟ್ಟಿಗೆ. ಒಣ ಕಸ ಚೀಲಕ್ಕೆ. ಪ್ಯಾಡ್, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಹಾಕಿ. ಅದನ್ನು ಮುಂದೆ ಕೈಯಲ್ಲಿ ಮುಟ್ಟುವವರು ನಮ್ಮ ಹಾಗೇ ಮನುಷ್ಯರು.

ಅಪಾರ್ಟ್‌ಮೆಂಟಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಅಮ್ಮನಿಗೆ ಬೇಜಾರು.

ಊರಿನ ಜಗಲಿ ಇಲ್ಲಿ ಇಲ್ಲ, ನಿಜ. ಬಾಗಿಲು ತೆರೆದಿಟ್ಟರೆ ಯಾರಾದರೂ ಬರುತ್ತಾರೆ ಅಂತ ನನ್ನ ಅಮ್ಮನೂ ಮೊದಲ ವಾರ ಕಾದರು, ಯಾರೂ ಬರಲಿಲ್ಲ. ಆಮೇಲೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಹಿಡಿದು ನಮ್ಮ ಮಹಡಿಯ ನಾಲ್ಕೂ ಮನೆಗೆ ಅವರೇ ಹೋದರು. ಎದುರು ಮನೆಯವರು ಒಡಿಶಾದವರು, ಭಾಷೆ ಬಾರದು. ಈಗ ಆ ಮನೆಯಾಕೆ ಅಮ್ಮನಿಂದ ಹುಳಿಪುಡಿ ಮಾಡುವುದು ಕಲಿತಿದ್ದಾರೆ, "ಸಾಕಾ, ಇನ್ನೂ ಬೇಕಾ" ಅಂತ ಕನ್ನಡದಲ್ಲೇ ಕೇಳುತ್ತಾರೆ.

ಇನ್ನೊಂದು ಮಾತು. ಅಸೋಸಿಯೇಷನ್ ಸೂಚನೆಗಳು ಬರೀ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲೂ ಹಾಕಿ ಅಂತ ಕೇಳಿ, ಬರೆದುಕೊಡಲು ನೀವೇ ಮುಂದೆ ಬನ್ನಿ. "ಇವತ್ತು ನೀರಿಲ್ಲ" ಅನ್ನುವುದು ಕೆಲಸಕ್ಕೆ ಬರುವ ಅಕ್ಕಂದಿರಿಗೂ, ಮನೆಯಲ್ಲಿರುವ ಅಜ್ಜಿಗೂ ಗೊತ್ತಾಗಬೇಕು, ಅಲ್ವಾ?

ಮನೆ ಬಿಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಪಡೆಯುವುದು ಹೇಗೆ?

ನನ್ನ ಮೂರನೇ ಮನೆಯ ಓನರ್ ಗೋಡೆಯ ಒಂದು ಕಲೆಗೆ, ಸಡಿಲವಾದ ನಲ್ಲಿಗೆ, ಪೇಂಟಿಂಗಿಗೆ ಅಂತ 46,000 ಹಿಡಿದರು. ಆ ಕಲೆ ನಾವು ಬರುವ ಮೊದಲೇ ಇತ್ತು. ತೋರಿಸಲು ನನ್ನ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ. ಆ ಹಣದ ನೋವಿಗಿಂತ, ಮೂರು ವರ್ಷ ಮಗಳೇ ಅಂತ ಕರೆದವರು ಕೊನೆಯ ದಿನ ಮುಖ ತಿರುಗಿಸಿದ್ದು ಜಾಸ್ತಿ ನೋಯಿಸಿತು.

ಅಲ್ಲಿಂದ ಮುಂದೆ ಸಾಮಾನು ಒಳಗೆ ತರುವ ಮೊದಲೇ ಖಾಲಿ ಮನೆಯ ವಿಡಿಯೊ ಮಾಡುತ್ತೇನೆ. ಗೋಡೆ, ಬಚ್ಚಲು, ಸಿಂಕಿನ ಕೆಳಗೆ, ಸ್ವಿಚ್ಚುಗಳು. ಅದೇ ದಿನ ಓನರ್‌ಗೆ ಕಳಿಸುತ್ತೇನೆ. ಬಿಡುವಾಗ ನೋಟಿಸನ್ನು ಬಾಯಿಮಾತಿನಲ್ಲಿ ಕೊಡದೆ ಬರೆದು ಕೊಡುತ್ತೇನೆ. ಹದಿನೈದು ದಿನ ಮುಂಚೆ ಓನರ್‌ನ ಕರೆದು ಒಟ್ಟಿಗೆ ಮನೆ ನೋಡುತ್ತೇವೆ. ಏನು ರಿಪೇರಿ ಅಂತ ಅವರು ಹೇಳಿದರೆ ನಾನೇ ಮಾಡಿಸುತ್ತೇನೆ, ಅದು ಅವರು ಹಿಡಿಯುವುದಕ್ಕಿಂತ ಕಡಿಮೆಗೆ ಮುಗಿಯುತ್ತದೆ. ಕೀಲಿ ಕೊಡುವುದು, ಹಣ ಬರುವುದು ಒಂದೇ ದಿನ ಆಗಲಿ ಅಂತ ಅಗ್ರಿಮೆಂಟಿನಲ್ಲೇ ಬರೆಸುತ್ತೇನೆ.

ಓನರ್ ಕೈಯಲ್ಲಿ ಅಷ್ಟು ನಗದು ಇರುವುದಿಲ್ಲ ಅನ್ನುವುದೂ ಎಷ್ಟೋ ಸಲ ನಿಜ. ಮುಂದಿನ ಬಾಡಿಗೆದಾರರು ಕೊಟ್ಟ ಮೇಲೆಯೇ ಅವರು ಕೊಡುತ್ತಾರೆ. ಹಾಗಿದ್ದರೆ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳೋಣ ಅಂತ ಕೇಳಿ, ಒಪ್ಪಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಎಷ್ಟು ಕೇಳಿದರೂ ಕೊಡುತ್ತಿಲ್ಲ. ಮುಂದೇನು?

ಮೊದಲು ದಿನಾಂಕ ಹಾಕಿ ಒಂದು ಪತ್ರ ಬರೆಯಿರಿ, ಲೆಕ್ಕ ಕೇಳಿ. ಉತ್ತರ ಬರದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ. ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ. ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟ್ ಇದೆ. ವಕೀಲರ ಹತ್ತಿರ ಹೋಗುವಾಗ ಅಗ್ರಿಮೆಂಟ್, ಬ್ಯಾಂಕ್ ವಿವರ, ಬಂದ ದಿನದ ವಿಡಿಯೊ, ಕೀಲಿ ಕೊಟ್ಟ ದಿನದ ಮೆಸೇಜ್ ಈ ನಾಲ್ಕನ್ನೂ ತಗೊಂಡು ಹೋಗಿ.